ಚಾಟ್‌ಬಾಟ್ ಹೇಳಿದ್ದೆಲ್ಲ ನಿಜವೇ?

‘ಇದನ್ನು ಚಾಟ್‌ಜಿಪಿಟಿಯೇ ಹೇಳಿದೆ’ ಎಂಬ ಸ್ಕ್ರೀನ್‌ಶಾಟ್ ನಿಮ್ಮ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಈ ಯಂತ್ರ ಹೇಗೆ ಮಾತಾಡುತ್ತದೆ ಎಂದು ತಿಳಿಯೋಣ.

1966ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲೈಜಾ’ ಎಂಬ ಪ್ರೋಗ್ರಾಂ ಪರಿಚಯಿಸಿದರು. ಇಂಗ್ಲಿಷ್‌ನಲ್ಲಿ ಅಮ್ಮನ ಬಗ್ಗೆ ಏನಾದರೂ ಟೈಪ್ ಮಾಡಿದರೆ, ಅದು ‘ಅಮ್ಮ’ ಎಂಬ ಪದ ಹಿಡಿದು ‘ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ’ ಎನ್ನುತ್ತಿತ್ತು. ಅದಕ್ಕೆ ಏನೂ ಅರ್ಥವಾಗುತ್ತಿರಲಿಲ್ಲ. ಆದರೂ ಜನ ಅದರ ಮುಂದೆ ಮನಸ್ಸು ಬಿಚ್ಚಿದರು.

ಈಗಿನ ಚಾಟ್‌ಬಾಟ್‌ಗಳ ವಿಧಾನ ಬೇರೆ. ಅಪಾರ ಬರಹಗಳಿಂದ ಕಲಿತ ಅವು, ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು ಎಂದು ಲೆಕ್ಕಹಾಕುತ್ತಾ ಉತ್ತರ ಕಟ್ಟುತ್ತವೆ. ‘ಊಟ’ ಎಂದೊಡನೆ ನಮ್ಮ ಬಾಯಿಗೆ ‘ಆಯ್ತಾ’ ಬರುವ ಹಾಗೆ. ಹೀಗಾಗಿ ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳಬಲ್ಲವು.

2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಅಂಥ ಪ್ರಕರಣಗಳೇ ನಡೆದಿರಲಿಲ್ಲ! 5,000 ಡಾಲರ್ ದಂಡ ಬಿತ್ತು. ವಿಚಿತ್ರವೆಂದರೆ, ‘ಇದು ನಿಜವಾದ ಪ್ರಕರಣವೇ?’ ಎಂದು ಒಬ್ಬ ವಕೀಲರು ಚಾಟ್‌ಬಾಟನ್ನೇ ಕೇಳಿದ್ದರು. ಅದು ‘ಹೌದು’ ಎಂದಿತ್ತು.

ಆದ್ದರಿಂದ ಔಷಧ, ಹಣ, ಕಾನೂನಿನ ವಿಷಯವಾದರೆ ವೈದ್ಯರನ್ನೋ ಬ್ಯಾಂಕನ್ನೋ ಬಲ್ಲವರನ್ನೋ ಕೇಳಿ. ಚಾಟ್‌ಬಾಟ್‌ನ ಉತ್ತರಕ್ಕೆ ಚಾಟ್‌ಬಾಟನ್ನೇ ಸಾಕ್ಷಿ ಮಾಡಬೇಡಿ.