ಹೆಬ್ಬಾವಿನ ಮೊಟ್ಟೆಗಳನ್ನು ತಾಯಿಗೇ ಬಿಡತಕ್ಕುದು

ಬೇಸಗೆಯಲ್ಲಿ ಹಳೆಯ ಬದುಗಳನ್ನು ಒಡೆಯುವಾಗಲೂ ಕಬ್ಬಿನ ರವದಿಯನ್ನು ಎತ್ತುವಾಗಲೂ ಹೆಬ್ಬಾವೊಂದು ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿರುವುದು ಕೆಲವೆಡೆ ಕಂಡುಬರುವುದುಂಟು. ಆಗ ಭಯಪಟ್ಟವರು ಅದನ್ನು ಹೊಡೆದು ಕೊಲ್ಲಲು ಮುಂದಾಗುವರು. ಕುತೂಹಲಿಗಳು ಮೊಟ್ಟೆಗಳನ್ನು ಮನೆಗೆ ಒಯ್ದು, ಹೊಟ್ಟಿನಲ್ಲಿಯೋ ಮರಳಿನಲ್ಲಿಯೋ ಇಟ್ಟು ಶಾಖ ಕೊಟ್ಟು ಮರಿ ಮಾಡಿಸಲು ಹವಣಿಸುವರು. ಮೊದಲನೆಯದು ಕ್ರೌರ್ಯವೆಂಬುದು ಸ್ಪಷ್ಟವಾಗಿದೆ. ಎರಡನೆಯದು ದಯೆಯಂತೆ ತೋರಿದರೂ ಫಲದಲ್ಲಿ ಅದಕ್ಕಿಂತ ಹೆಚ್ಚು ಉತ್ತಮವಾದುದಲ್ಲವೆಂಬುದೇ ನಮ್ಮ ಅಭಿಪ್ರಾಯವು.

ಹಾವುಗಳಲ್ಲಿ ಬಹುಪಾಲು ಮೊಟ್ಟೆಯಿಟ್ಟು ಹೊರಟುಹೋಗುವುವು. ಹೆಬ್ಬಾವಾದರೋ ಸುಮಾರು ಎರಡು ತಿಂಗಳ ಕಾಲ ಮೊಟ್ಟೆಗಳನ್ನು ಕಾಯುವುದು. ೧೮೪೧ರಲ್ಲಿಯೇ ಪ್ಯಾರಿಸ್ ನಗರದಲ್ಲಿ ವಾಲೆನ್ಸಿಯೆನ್ ಎಂಬ ವಿದ್ವಾಂಸನು ಕಾವು ಕೂತ ಹೆಬ್ಬಾವಿನ ಸುತ್ತುಗಳ ನಡುವಣ ಶಾಖವನ್ನು ಅಳೆದು, ಅದು ಸುತ್ತಣ ಗಾಳಿಯ ಶಾಖಕ್ಕಿಂತ ಅಧಿಕವಾಗಿರುವುದನ್ನು ಕಂಡನು. ೧೯೬೬ರಲ್ಲಿ ನಮ್ಮ ಹೆಬ್ಬಾವಿನ ಹತ್ತಿರದ ಬಳಗವಾದ ಬರ್ಮಾ ಹೆಬ್ಬಾವಿನ ಮೇಲೆ ನ್ಯೂಯಾರ್ಕಿನಲ್ಲಿ ನಡೆದ ಪರೀಕ್ಷೆಗಳಿಂದ ಇದರ ಕಾರಣವೂ ತಿಳಿದುಬಂದಿತು. ಗಾಳಿ ತಂಪಾದಷ್ಟೂ ತಾಯಿಯು ತನ್ನ ಸ್ನಾಯುಗಳನ್ನು ಪದೇ ಪದೇ ಬಿಗಿದು ಅದಿರಿಸಿ ಶಾಖವನ್ನು ಹುಟ್ಟಿಸುವುದು. ಅಲ್ಲದೆ ಮೊಟ್ಟೆಯ ಸಿಪ್ಪೆಯು ತೊಗಲಿನಂತೆ ಮೆತ್ತಗಿರುವುದರಿಂದ, ಅದರ ತೇವವು ಆರಿಹೋಗದಂತೆಯೂ ಆ ಸುತ್ತುಗಳೇ ರಕ್ಷಿಸುವುವು.

ಇಂಥ ಕಾವನ್ನು ನಮ್ಮ ಕುಕ್ಕೆಯೂ ದೀಪವೂ ಕೊಡಲಾರವು. ಕೋಳಿಯು ತನ್ನ ಮೊಟ್ಟೆಗಳನ್ನು ಆಗಾಗ್ಗೆ ಹೊರಳಿಸುವುದನ್ನು ಕಂಡವರು ಇಲ್ಲಿಯೂ ಹಾಗೆಯೇ ಮಾಡುವರು. ಆದರೆ ಹೆಬ್ಬಾವಿನ ಮೊಟ್ಟೆಯಲ್ಲಿ ಬೆಳೆಯುವ ಪಿಂಡವು ಸಿಪ್ಪೆಯ ಮೇಲ್ಭಾಗಕ್ಕೆ ಅಂಟಿಕೊಂಡಿರುವುದರಿಂದ, ಹೊರಳಿಸಿದರೆ ಅದು ಸಾಯುವ ಸಂಭವವುಂಟು. ತೇವ ಕಡಮೆಯಾದರೆ ಮೊಟ್ಟೆ ಕುಗ್ಗುವುದು, ಹೆಚ್ಚಾದರೆ ಬೂಷ್ಟು ಹಿಡಿಯುವುದು, ಶಾಖ ಮೀರಿದರೆ ಮರಿಗಳು ಅಂಗವಿಕಲವಾಗುವುವು.

ಇದಲ್ಲದೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಹೆಬ್ಬಾವು ಸೇರಿದೆ. ಅದನ್ನು ಮನೆಯಲ್ಲಿ ಸಾಕುವುದು ಅಪರಾಧವು. ಅದರ ಮೊಟ್ಟೆಗಳನ್ನು ಕೆಡಿಸುವುದನ್ನೂ ಗೂಡನ್ನು ಕದಡುವುದನ್ನೂ ಕಾಯಿದೆಯು ಬೇಟೆಯೆಂದೇ ಎಣಿಸುವುದು. ಇದಕ್ಕೆ ಮೂರು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವು ವಿಧಿಸಲ್ಪಟ್ಟಿದೆ.

ಕಾಯುವುದು ಅಸಾಧ್ಯವೆನ್ನುವವರು ನೆರೆಯ ಕಾಸರಗೋಡಿನ ಕಡೆಗೆ ನೋಡಬಹುದು. ೨೦೨೨ರಲ್ಲಿ ಅಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಿಸುತ್ತಿದ್ದಾಗ ಹೆಬ್ಬಾವೊಂದು ೨೪ ಮೊಟ್ಟೆಗಳೊಡನೆ ಕಂಡುಬರಲು, ಆ ಭಾಗದ ಕೆಲಸವನ್ನು ೫೪ ದಿನಗಳ ಕಾಲ ನಿಲ್ಲಿಸಲಾಯಿತು. ಹೆದ್ದಾರಿಯೇ ಕಾಯಬಲ್ಲದಾದರೆ ನಮ್ಮ ಹೊಲದ ಒಂದು ಮೂಲೆಯು ಕಾಯಲಾರದೇ?

ಹೆಬ್ಬಾವು ಕೋಳಿಯನ್ನೂ ಆಡಿನ ಮರಿಯನ್ನೂ ಹಿಡಿಯುವುದೆಂಬ ದೂರು ಸುಳ್ಳಲ್ಲ. ಆದರೆ ಬೆಳೆಗೂ ಕಣಜಕ್ಕೂ ಶತ್ರುವಾದ ಇಲಿ ಹೆಗ್ಗಣಗಳೂ ಅದರ ಆಹಾರವೇ ಎಂಬುದನ್ನು ಮರೆಯಲಾಗದು. ಅದಕ್ಕೆ ವಿಷವಿಲ್ಲ, ಆದರೂ ಕೆಣಕಿದರೆ ಬಲವಾಗಿ ಕಚ್ಚುವುದು. ಆದುದರಿಂದ ಕೂಲಿಯಾಳುಗಳ ಭಯವನ್ನು ಹಾಸ್ಯಮಾಡದೆ, ಅವರನ್ನು ಬೇರೆ ಕಡೆಯ ಕೆಲಸಕ್ಕೆ ಹಚ್ಚುವುದು ಜಮೀನುದಾರರ ಧರ್ಮವು. ಗೂಡಿರುವ ನೆಲವು ಬಡ ರೈತನದಾದರೆ, ಆ ಮೂಲೆಯ ನಷ್ಟವನ್ನು ಅವನೊಬ್ಬನ ತಲೆಯ ಮೇಲೆಯೇ ಹೊರಿಸದೆ ಊರವರೆಲ್ಲರೂ ಹಂಚಿಕೊಳ್ಳುವುದು ನ್ಯಾಯವು. ಇಲ್ಲವಾದರೆ ಅವನು ಗುಟ್ಟಾಗಿ ಗುದ್ದಲಿ ಹಾಕುವನು. ಕಾಯಿದೆಯು ಕಾಗದದಲ್ಲಿಯೇ ಉಳಿಯುವುದು.

ಗೂಡು ಕಂಡೊಡನೆ ಊರಿನ ಮುಖ್ಯಸ್ಥರು ಕೆಲಸವನ್ನು ನಿಲ್ಲಿಸಿ, ಜನರನ್ನೂ ನಾಯಿಗಳನ್ನೂ ದೂರವಿರಿಸಿ, ೧೯೨೬ ಎಂಬ ಸಂಖ್ಯೆಗೆ ಫೋನು ಮಾಡಿ ಅರಣ್ಯ ಇಲಾಖೆಗೆ ತಿಳಿಸತಕ್ಕುದು. ರವದಿಗೆ ಬೆಂಕಿಯಿಡಬಾರದು. ತಾಯಿಯು ಬೆದರಿ ಓಡಿಹೋಗಿದ್ದರೂ ಮೊಟ್ಟೆಗಳನ್ನು ಮುಟ್ಟದೆ, ಬಿಸಿಲು ಬೀಳದಂತೆ ಮೇಲೆ ನೆರಳು ಮಾಡಿಸಿ, ಇಲಾಖೆಯವರು ಬರುವವರೆಗೆ ಕಾವಲಿರಿಸತಕ್ಕುದು. ಮರಿಗಳು ಹೊರಬಂದ ಮೇಲೆ ತಾಯಿಯೂ ಮರಿಗಳೂ ತಮ್ಮ ಪಾಡಿಗೆ ತಾವು ಚದರಿಹೋಗುವುವು. ನೆಲವು ಮತ್ತೆ ನೇಗಿಲಿಗೆ ದೊರೆಯುವುದು. ಮುಖ್ಯಸ್ಥರ ಒಂದು ಮಾತು ಊರಿನ ಹತ್ತು ದೊಣ್ಣೆಗಳನ್ನು ತಡೆಯಬಲ್ಲದು. ಆ ಮಾತನ್ನು ಸಕಾಲದಲ್ಲಿ ಆಡುವರೆಂದು ನಂಬಿದ್ದೇವೆ.