ಸೇತುವೆ ಆಚೆಗಿನ ಉಳ್ಳಾಲಕ್ಕೆ ಕಮಿಷನರೇಟ್ ಕೊಟ್ಟಿದ್ದೇನು?

ಉಳ್ಳಾಲ: 2025ರ ಜನವರಿ 17, ಶುಕ್ರವಾರ. ಹಾಡಹಗಲೇ ಕೆ.ಸಿ. ರೋಡಿನ ಸಹಕಾರಿ ಬ್ಯಾಂಕ್ ಶಾಖೆಗೆ ನುಗ್ಗಿದ ಮುಸುಕುಧಾರಿಗಳು ಚಿನ್ನ, ನಗದು ದೋಚಿ ಕಾರಲ್ಲಿ ಪರಾರಿಯಾದರು. ಕೆಲವೇ ದಿನಗಳಲ್ಲಿ ಪೊಲೀಸರು ತಮಿಳುನಾಡಿನಲ್ಲಿ ಆರೋಪಿಗಳನ್ನು ಹಿಡಿದರು. ಪತ್ತೆ ಕೆಲಸಕ್ಕೆ ಮೆಚ್ಚುಗೆ ಬಂತು. ಆದರೆ ಹಗಲಲ್ಲೇ ಇಂಥದ್ದು ಹೇಗೆ ಆಯ್ತು ಅನ್ನೋ ಪ್ರಶ್ನೆ ಊರಲ್ಲಿ ಹಾಗೇ ಉಳಿಯಿತು.

ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1956ರವರೆಗೆ ಈ ಜಿಲ್ಲೆ ಮದ್ರಾಸ್ ಆಡಳಿತದಲ್ಲಿತ್ತು. ಪೊಲೀಸರು ನಡೀತಿದ್ದದ್ದು 1859ರ ಮದ್ರಾಸ್ ಕಾಯ್ದೆಯಂತೆ. ಏಕೀಕರಣದ ನಂತರ ಇಡೀ ರಾಜ್ಯಕ್ಕೆ 1963ರ ಪೊಲೀಸ್ ಕಾಯ್ದೆ ಬಂತು. ಆಮೇಲೂ ದಶಕಗಳ ಕಾಲ ಉಳ್ಳಾಲದಿಂದ ಸುಳ್ಯದವರೆಗೆ ಒಬ್ಬರೇ ಎಸ್ಪಿ. 2010ರಲ್ಲಿ ಮಂಗಳೂರು ಕಮಿಷನರೇಟ್ ಶುರುವಾದಾಗ ಉಳ್ಳಾಲ, ಕೊಣಾಜೆ, ಮೂಲ್ಕಿ, ಮೂಡುಬಿದಿರೆ, ಬಜ್ಪೆ ಕಡೆಯ ಠಾಣೆಗಳು ಅದರೊಳಗೆ ಸೇರಿದವು. ಬಂಟ್ವಾಳ, ಪುತ್ತೂರು, ಬೆಳ್ತಂಗಡಿ, ಸುಳ್ಯ ಎಸ್ಪಿ ಕೈಯಲ್ಲೇ ಉಳಿದವು.

ಬದಲಾವಣೆ ಬರೀ ಬೋರ್ಡಿನದ್ದಲ್ಲ. ಮೊದಲು ನಿಷೇಧಾಜ್ಞೆ ಬೇಕಾದರೆ ಜಿಲ್ಲಾಧಿಕಾರಿ ಸಹಿ ಹಾಕಬೇಕಿತ್ತು. ಈಗ ಕಮಿಷನರೇ ಹೊರಡಿಸಬಹುದು. ಗಡಿಪಾರಿನ ಕತೆಯೂ ಅಷ್ಟೇ: ಪುತ್ತೂರಿನಲ್ಲಾದರೆ ಪೊಲೀಸರ ಪ್ರಸ್ತಾವ ಸಹಾಯಕ ಆಯುಕ್ತರ ಮುಂದೆ ವಿಚಾರಣೆಗೆ ಹೋಗುತ್ತೆ, ಉಳ್ಳಾಲದಲ್ಲಾದರೆ ಪೊಲೀಸ್ ಇಲಾಖೆಯೊಳಗೇ ತೀರ್ಮಾನವಾಗುತ್ತೆ. ಗಲಭೆ ಸಮಯದಲ್ಲಿ ಇದರಿಂದ ವೇಗ ಸಿಗುತ್ತೆ, ನಿಜ. ಆದರೆ ಕೇಳುವವರೂ ಕೊಡುವವರೂ ಒಂದೇ ಇಲಾಖೆಯಾದಾಗ ಪ್ರಶ್ನಿಸುವ ಕಣ್ಣೊಂದು ಕಡಿಮೆಯಾಗುತ್ತೆ.

ಈ ನಡುವೆ ಊರು ನಿಂತಲ್ಲಿ ನಿಂತಿಲ್ಲ. ಉಳ್ಳಾಲ ನಗರಸಭೆಯಾಯ್ತು, ತಾಲೂಕಾಯ್ತು. ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳು, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ. ಹಾಸ್ಟೆಲು, ಪಿಜಿಗಳಲ್ಲಿ ಹೊರ ಜಿಲ್ಲೆ, ಹೊರ ರಾಜ್ಯದ ಮಕ್ಕಳು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ತಲಪಾಡಿ ದಾಟಿದರೆ ಕೇರಳ. ಅಧಿಕಾರ ಮೇಲೆ ಬೆಳೆಯಿತು, ಆದರೆ ಮಹಿಳಾ ಠಾಣೆ, ಸೈಬರ್ ಠಾಣೆ ಇರುವುದು ಮಂಗಳೂರಿನಲ್ಲಿ. ಸಂಚಾರ ಠಾಣೆಗೂ ನೇತ್ರಾವತಿ ಸೇತುವೆ ದಾಟಲೇಬೇಕು.

ಸುಪ್ರೀಂ ಕೋರ್ಟ್ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ತನಿಖೆ ಮತ್ತು ಕಾನೂನು ಸುವ್ಯವಸ್ಥೆಯನ್ನು ಬೇರೆ ಮಾಡಿ ಎಂದಿತ್ತು, ಪೊಲೀಸರ ವಿರುದ್ಧದ ದೂರಿಗೆ ಪ್ರಾಧಿಕಾರ ರಚಿಸಿ ಎಂದೂ ಹೇಳಿತ್ತು. ಕರ್ನಾಟಕ 2012ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಿದೆ. ಆದರೆ ಜಾತ್ರೆ, ಉರೂಸ್, ಪ್ರತಿಭಟನೆ ಬಂದೋಬಸ್ತಿಗೆ ನಿಂತ ಸಿಬ್ಬಂದಿಯೇ ಮರುದಿನ ಕಳ್ಳತನದ ಜಾಡು ಹಿಡಿಯಬೇಕಾದರೆ ಗಸ್ತು ಸೊರಗುವುದು ಸಹಜ.

ಜನರಿಗೆ ಗೊತ್ತಿರಬೇಕಾದ ಒಂದು ಮಾತು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಂತೆ, ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲೂ ಕೊಡಬಹುದು. ‘ಇದು ನಮ್ಮ ವ್ಯಾಪ್ತಿ ಅಲ್ಲ’ ಅಂತ ವಾಪಸ್ ಕಳಿಸುವಂತಿಲ್ಲ. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಹಾಕಬೇಕು.

ಕಮಿಷನರೇಟ್ ಬಂದು ಒಂದೂವರೆ ದಶಕವಾಯ್ತು. ಉಳ್ಳಾಲಕ್ಕೆ ಈಗ ಬೇಕಿರುವುದು ಇನ್ನಷ್ಟು ಅಧಿಕಾರವಲ್ಲ, ಸೇತುವೆಯ ಈಚೆಗೇ ಸಿಗುವ ಪೊಲೀಸ್ ಸೇವೆ.