ಕಣ್ಣು ಮುಚ್ಚಿದ ಹಕ್ಕಿಗೆ ಮೊದಲ ಬಹುಮಾನ

ಮೊದಲೇ ಹೇಳಿಬಿಡ್ತೀನಿ, ಇದು ಮೆಣಸಿನಕಾಯಿ ಬಜ್ಜಿಯ ವಿಷಯ ಅಲ್ಲ. ಬಜ್ಜಿ ಅಂದರೆ ಇಲ್ಲಿ ಬಜರಿಗಾರ್. ಊರಲ್ಲಿ ನಾವೆಲ್ಲ ಲವ್ ಬರ್ಡ್ಸ್ ಅಂತ ಕರೆಯುವ, ಮುಂಬೈಯ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಬಜರಿ ಅಂತ ಮಾರುವ ಹಸಿರು, ನೀಲಿ, ಹಳದಿ ಪುಟಾಣಿ ಗಿಣಿ. (ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬೇರೆಯೇ ಹಕ್ಕಿ. ಇದು ಆಸ್ಟ್ರೇಲಿಯಾದ್ದು. ಆ ಜಗಳ ಇನ್ನೊಂದು ದಿನ ಆಡೋಣ.)

ಕಳೆದ ಚಳಿಗಾಲದಲ್ಲಿ ಸ್ನೇಹಿತರೊಬ್ಬರ ಒತ್ತಾಯಕ್ಕೆ ಒಂದು ಹಕ್ಕಿ ಪ್ರದರ್ಶನಕ್ಕೆ ಹೋಗಿದ್ದೆ. ಇವರು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮನೆ, ಟೆರೇಸಿನ ಮೇಲೆ ಎಂಬತ್ತು ಪಂಜರ. ಸಾಲಾಗಿ ಇಟ್ಟಿದ್ದ ಪೆಟ್ಟಿಗೆಗಳಲ್ಲಿ ಗೆದ್ದ ಹಕ್ಕಿಯನ್ನು ತೋರಿಸಿ, "ತಲೆ ನೋಡಿ ಮಾರಾಯ್ರೇ, ತಲೆ!" ಅಂದರು. ನೋಡಿದೆ. ತಲೆಯೇನೋ ಇತ್ತು, ಕಣ್ಣು ಕಾಣಲಿಲ್ಲ. ಹಣೆಯ ಗರಿ ಎರಡೂ ಬದಿಗೆ ಚಪ್ಪರದ ಹಾಗೆ ಇಳಿಬಿದ್ದಿತ್ತು. ಕೊಕ್ಕಿನ ತುದಿ ಮಾತ್ರ ಹೊರಗೆ. ಅದು ಕಾಳು ತಿನ್ನುವಾಗ ಸ್ವಲ್ಪ ಹೊತ್ತು ನಿಂತು ಗಮನಿಸಿದೆ. ತಲೆಯನ್ನು ವಾಲಿಸಿ, ಗರಿಯ ಸಂದಿಯಿಂದ ಇಣುಕಿ, ನೆಲ ತಡವಿ ತಡವಿ ನವಣೆ ಹುಡುಕುತ್ತಿತ್ತು. ಸುತ್ತ ನಿಂತವರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ನನಗೆ ಮಾತ್ರ ಯಾಕೋ ಹೊಟ್ಟೆ ಕಿವುಚಿದ ಹಾಗಾಯಿತು.

ಈ ಹುಚ್ಚು ನಮ್ಮದಲ್ಲ, ಇಂಗ್ಲೆಂಡಿನದು. 1840ರಲ್ಲಿ ಜಾನ್ ಗೌಲ್ಡ್ ಆಸ್ಟ್ರೇಲಿಯಾದಿಂದ ಜೀವಂತ ಬಜರಿಗಳನ್ನು ಇಂಗ್ಲೆಂಡಿಗೆ ತಂದ. 1925ರಲ್ಲಿ ಅಲ್ಲಿ ಬಜರಿಗಾರ್ ಕ್ಲಬ್ ಹುಟ್ಟಿತು, ಅದೇ ಈಗಿನ ಬಜರಿಗಾರ್ ಸೊಸೈಟಿ. ಹಕ್ಕಿ ಹೇಗಿರಬೇಕು ಅಂತ ಒಂದು ಮಾನದಂಡ ಬರೆದರು, ಚಿತ್ರವನ್ನೂ ಬರೆಸಿದರು. ಆಸ್ಟ್ರೇಲಿಯಾದ ಒಣಬಯಲಿನಲ್ಲಿ ನೀರು ಹುಡುಕಿಕೊಂಡು ಸಾವಿರಗಟ್ಟಲೆ ಗುಂಪಾಗಿ ಹಾರುವ ಕಾಡು ಬಜರಿ ಸುಮಾರು 18 ಸೆಂಟಿಮೀಟರ್ ಉದ್ದ, 30 ಗ್ರಾಂ ಆಸುಪಾಸು ತೂಕ. ಒಂದು ಪೋಸ್ಟ್ ಕಾರ್ಡಿಗಿಂತ ಸ್ವಲ್ಪ ಉದ್ದ, ಅಷ್ಟೆ. ಸೊಸೈಟಿಯ ಮಾನದಂಡ ಕೇಳಿದ್ದು 216 ಮಿಲಿಮೀಟರ್. ಎರಡು ಹಕ್ಕಿಗಳನ್ನು ಪಕ್ಕಪಕ್ಕ ಕೂರಿಸಿದರೆ ಒಂದೇ ಜಾತಿ ಅಂತ ನಂಬುವುದೇ ಕಷ್ಟ.

ಆದರೆ ಈ ಗಾತ್ರ ಎಲ್ಲಿಂದ ಬಂತು ಅನ್ನೋದೇ ಸ್ವಾರಸ್ಯ. ಮೂಳೆ, ಮಾಂಸ ಸ್ವಲ್ಪ ಬೆಳೆದದ್ದು ನಿಜ, ಆದರೆ ಕಣ್ಣಿಗೆ ಕಾಣುವ ದೊಡ್ಡಸ್ತಿಕೆಯಲ್ಲಿ ಬಹುಪಾಲು ಗರಿ! ತಳಿಗಾರರು ಗರಿಯಲ್ಲಿ ಎರಡು ಬಗೆ ಹೇಳ್ತಾರೆ. 'ಯೆಲ್ಲೋ' ಅಂದರೆ ಗಿಡ್ಡ, ಕಿರಿದು, ಬಿಗಿ, ಮೈಗೆ ಅಂಟಿಕೊಳ್ಳುವಂಥದ್ದು. 'ಬಫ್' ಅಂದರೆ ಉದ್ದ, ಅಗಲ, ಅಂಚು ಮೆತ್ತಗೆ. (ಹೆಸರು ಕೇಳಿ ಬಣ್ಣ ಅಂದುಕೊಳ್ಳಬೇಡಿ, ನೀಲಿ ಹಕ್ಕಿಯಲ್ಲೂ ಯೆಲ್ಲೋ ಇದೆ.) ಹಳಬರು ಒಂದು ಬಫ್‌ಗೆ ಒಂದು ಯೆಲ್ಲೋ ಜೋಡಿ ಮಾಡಿ ಸಮತೋಲ ಕಾಯುತ್ತಿದ್ದರು. ಆಮೇಲೆ ಬಫ್‌ಗೆ ಬಫ್, ಅದರ ಮರಿಗೆ ಮತ್ತೆ ಬಫ್. ಪ್ರತಿ ತಲೆಮಾರಿಗೂ ಗರಿ ಇನ್ನಷ್ಟು ಉದ್ದ, ಹಣೆ ಇನ್ನಷ್ಟು ಎತ್ತರ. ಈಗ ಹೊಸ ಮಾತು 'ಡೈರೆಕ್ಷನಲ್ ಫೆದರ್', ಅಂದರೆ ಕೊಕ್ಕಿನ ಮೇಲಿಂದ ಹೊರಟು ಮೇಲಕ್ಕೂ ಪಕ್ಕಕ್ಕೂ ಹರಡುವ ಗರಿ. ನಾವು ಹೊಗಳುವ ಆ 'ತಲೆ' ಇದೆಯಲ್ಲ, ಒದ್ದೆ ಮಾಡಿ ನೋಡಿ ಸ್ವಾಮಿ, ಒಳಗಿರುವುದು ಅದೇ ಪುಟ್ಟ ಬುರುಡೆ.

ತಮಾಷೆ ಏನು ಗೊತ್ತಾ? ಸೊಸೈಟಿಯ ಮಾನದಂಡವೇ ಕಣ್ಣು ದಿಟ್ಟವಾಗಿ, ಹೊಳೆಯುತ್ತಾ ಇರಬೇಕು ಅನ್ನುತ್ತದೆ. ಬರೆದದ್ದು ಹಾಗೆ, ಬಹುಮಾನ ಕೊಡುವುದು ಹೀಗೆ. ತಾವೇ ಬರೆದ ಕಾನೂನನ್ನು ಓದದ ತೀರ್ಪುಗಾರರನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ, ಬಿಡಿ.

ಸ್ನೇಹಿತರ ಟೆರೇಸಿಗೆ ವಾಪಸ್ ಬರ್ತೀನಿ. ಜೋಡಿ ಕಟ್ಟುವ ಮೊದಲು ಅವರು ಕತ್ತರಿ ತಗೊಂಡು ಕೂರ್ತಾರೆ. ಗಂಡಿಗೂ ಹೆಣ್ಣಿಗೂ ಬಾಲದ ಬುಡದ ಗರಿ ಕತ್ತರಿಸಬೇಕು, ಇಲ್ಲದಿದ್ದರೆ ಗರಿ ಅಡ್ಡ ಬಂದು ಮೊಟ್ಟೆ ಫಲಿಸುವುದಿಲ್ಲ. ಕತ್ತರಿಸಿದರೂ ಎಷ್ಟೋ ಮೊಟ್ಟೆ ಜೊಳ್ಳು. ಪ್ರದರ್ಶನಕ್ಕೆ ಮುಂಚೆ ಚಿಮುಟ. ಕತ್ತಿನ ಮೇಲೆ ಲೆಕ್ಕದ ಆರು ಚುಕ್ಕಿ ಕಾಣಬೇಕು, ಹೆಚ್ಚಿನದನ್ನು ಒಂದೊಂದಾಗಿ ಕೀಳಬೇಕು. ಇನ್ನು ಮೊಟ್ಟೆಗೆ ಕಾವು ಕೊಡಲು, ಮರಿಗೆ ಗುಟುಕು ಕೊಡಲು ಸಾಕುತಾಯಿ ಬೇರೆ. ಅದಕ್ಕೆ ಬೇಕಾಗುವುದು ಯಾವ ಹಕ್ಕಿ ಹೇಳಿ? ಮಾರ್ಕೆಟ್ಟಿನ ಅಗ್ಗದ ಸಣ್ಣ ಬಜರಿ! ಹಾಗೇ ನಮ್ಮ ಬಾಲ್ಕನಿಯ ಹಸಿರು ಹೆಣ್ಣಿಗೂ ಕರೆ ಬಂತು. ಮಣ್ಣಿನ ಕುಡಿಕೆಯಲ್ಲಿ ಅವಳ ಮೊಟ್ಟೆಯ ಜಾಗಕ್ಕೆ ಅವರ ಚಾಂಪಿಯನ್ ಜೋಡಿಯ ಐದು ಮೊಟ್ಟೆ ಇಟ್ಟರು. ಹದಿನೆಂಟನೇ ದಿನಕ್ಕೆ ಶುರುವಾಗಿ ಮೂರು ಒಡೆದವು.

ಅದರಲ್ಲಿ ಎರಡು ಸರಿಯಿದ್ದವು. ಮೂರನೆಯದರ ಗರಿ ಬೆಳೆಯುವುದು ನಿಲ್ಲಲೇ ಇಲ್ಲ. ಆರು ವಾರಕ್ಕೆ ಬೇರೆ ಮರಿಗಳು ಕುಡಿಕೆ ಬಿಟ್ಟು ಹಾರುವಾಗ ಇದು ಪಂಜರದ ನೆಲದಲ್ಲಿ ಒಂದು ಧೂಳು ಹೊಡೆಯುವ ಪೊರಕೆಯ ಹಾಗೆ ಬಿದ್ದಿತ್ತು. ಇಂಗ್ಲಿಷಿನವರು ಇಟ್ಟಿರುವ ಹೆಸರೂ ಅದೇ, ಫೆದರ್ ಡಸ್ಟರ್. ಅಪ್ಪ ಅಮ್ಮ ಇಬ್ಬರಿಂದಲೂ ಸುಪ್ತವಾಗಿ ಬರುವ ದೋಷ ಅಂತ ತಳಿಗಾರರೇ ಹೇಳ್ತಾರೆ. ಹಾರಲಾಗದು, ನೋಡಲಾಗದು, ತಿಂದ ಶಕ್ತಿಯೆಲ್ಲ ಗರಿಗೇ ಹೋಗುತ್ತದೆ. ಬಹುತೇಕ ಒಂದು ವರ್ಷ ದಾಟುವುದಿಲ್ಲ. ನಮ್ಮದು ಐದು ತಿಂಗಳಿತ್ತು. ನನ್ನ ಹೆಂಡತಿ ದಿನಾ ಕಣ್ಣಿನ ಮೇಲಿನ ಗರಿ ಕತ್ತರಿಸಿ, ಬೆರಳಿನಲ್ಲಿ ನೀರು ಮುಟ್ಟಿಸುತ್ತಿದ್ದಳು. ಅವಳ ದನಿ ಕೇಳಿದರೆ ಗುಬ್ಬಿಯ ಹಾಗೆ ಚೀಂವ್ ಅನ್ನುತ್ತಿತ್ತು. ಸತ್ತಾಗ ಸ್ನೇಹಿತರಿಗೆ ಫೋನ್ ಮಾಡಿದೆ. "ಹೌದಾ, ಒಳ್ಳೆ ರಕ್ತದಲ್ಲಿ ಅಂಥದ್ದು ಒಂದೊಂದು ಬರ್ತದೆ" ಅಂದರು. ಅದೇ ಜೋಡಿಯನ್ನು ಆ ವರ್ಷ ಮತ್ತೆ ಕಟ್ಟಿದರು.

ಇವರು ಕೆಟ್ಟವರಲ್ಲ, ಅದೇ ನನ್ನ ಕಷ್ಟ. ಬೆಳಿಗ್ಗೆ ಐದಕ್ಕೆ ಎದ್ದು ಎಂಬತ್ತು ಪಂಜರಕ್ಕೆ ನೀರು ಬದಲಿಸಿ 7.12ರ ಲೋಕಲ್ ಹಿಡಿಯುವ ಮನುಷ್ಯ. ಹೇಳಿದರೆ ಮೂರು ಉತ್ತರ ಸಿದ್ಧ ಇರ್ತದೆ. ಒಂದು, ಬಣ್ಣವೂ ಮನುಷ್ಯನೇ ಆರಿಸಿದ್ದಲ್ಲವೇ ಅಂತ. ಹೌದು, ಕಾಡಿನದು ಹಸಿರು, ನೀಲಿಯನ್ನು ಪಂಜರದಲ್ಲಿ ಉಳಿಸಿ ಬೆಳೆಸಿದವರು ನಾವು. ಆದರೆ ನೀಲಿಗೆ ಕಾರಣ ಹಳದಿ ಬಣ್ಣ ತಯಾರಿಸುವ ಒಂದೇ ಒಂದು ಜೀನಿನಲ್ಲಿ ಆದ ಬದಲಾವಣೆ, 2017ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದರು. ನೀಲಿ ಹಕ್ಕಿ ಹಸಿರಿನಷ್ಟೇ ಚೆನ್ನಾಗಿ ನೋಡುತ್ತದೆ, ಹಾರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ಎರಡು, ಪಂಜರದಲ್ಲಿ ಹುಟ್ಟಿದ್ದಕ್ಕೆ ಏನೂ ಗೊತ್ತಾಗುವುದಿಲ್ಲ ಅಂತ. ಈ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರ್ತದೆ. 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಹೇಳಿದ್ದೇನು? ಬಜರಿಯ ನೆತ್ತಿಯ ಹಳದಿ ಗರಿ ಅತಿನೇರಳೆ ಬೆಳಕನ್ನು ಹೀರಿ ಹೊಳೆಯುತ್ತದೆ, ಸಂಗಾತಿಯನ್ನು ಆರಿಸುವಾಗ ಆ ಹೊಳಪನ್ನು ಗಮನಿಸುತ್ತವೆ ಅಂತ. 2019ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು: ಮೊದಲು ತಾನು ಒಲ್ಲೆ ಅಂದಿದ್ದ ಗಂಡು, ಮುಚ್ಚಿದ ಡಬ್ಬಿ ತೆರೆದು ಕಾಳು ತೆಗೆಯುವುದನ್ನು ಕಂಡ ಮೇಲೆ ಹೆಣ್ಣು ಅವನ ಕಡೆಗೆ ಒಲಿಯಿತು. ಅಂದರೆ ಅದು ನೋಡಿ, ಯೋಚಿಸಿ, ಆರಿಸುವ ಜೀವಿ. ಅದರ ಕಣ್ಣಿಗೇ ನಾವು ಪರದೆ ಕಟ್ಟಿದ್ದೇವೆ.

ಮೂರನೆಯದು, ಇಡೀ ಪ್ರಪಂಚ ಹೀಗೇ ಮಾಡುತ್ತಿದೆ ಅಂತ. ನಾಯಿಯವರೂ ಹೀಗೇ ಹೇಳುತ್ತಿದ್ದರು. 2008ರಲ್ಲಿ ಬಿಬಿಸಿ ಜಾತಿನಾಯಿಗಳ ಕಾಯಿಲೆಗಳ ಬಗ್ಗೆ ಸಾಕ್ಷ್ಯಚಿತ್ರ ತೋರಿಸಿ, ಮರುವರ್ಷ ಕ್ರಫ್ಟ್ಸ್ ಪ್ರದರ್ಶನದ ಪ್ರಸಾರವನ್ನೇ ಕೈಬಿಟ್ಟ ಮೇಲೆ ಅಲ್ಲಿನ ಕೆನಲ್ ಕ್ಲಬ್ ತನ್ನ ಮಾನದಂಡಗಳನ್ನು ತಿದ್ದಿತು. ಹಕ್ಕಿಗೆ ಅಂಥ ಗಲಾಟೆ ಮಾಡುವವರಿಲ್ಲ. ನಮ್ಮೂರ ಗಿಣಿಗಾದರೂ 1972ರ ವನ್ಯಜೀವಿ ಕಾಯ್ದೆ ಇದೆ. ಪರದೇಶಿ ಬಜರಿಗೆ ಅದು ಅನ್ವಯಿಸದು. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಿವೆ, ಆದರೆ ಯಾವ ಅಧಿಕಾರಿಯೂ ಹಕ್ಕಿಯ ಹಣೆಯ ಗರಿ ಅಳೆಯಲು ಬರುವುದಿಲ್ಲ. ಅಳೆಯುವವನು ಒಬ್ಬನೇ, ತೀರ್ಪುಗಾರ. ಹಾಗಾಗಿ ಮಾತು ಅವನಿಗೇ ಹೇಳಬೇಕು.

ಪ್ರದರ್ಶನವನ್ನೇ ನಿಲ್ಲಿಸಿ ಅಂತ ನಾನು ಕೇಳ್ತಿಲ್ಲ. ಎದುರು ನಿಂತು ನೋಡಿದಾಗ, ಪಕ್ಕದಿಂದ ನೋಡಿದಾಗ ಪೂರ್ತಿ ಕಣ್ಣು ಕಾಣದ ಹಕ್ಕಿಯನ್ನು ಮೇಜಿನಿಂದ ಕೆಳಗಿಳಿಸಿ. ಕತ್ತರಿ ಇಲ್ಲದೆ ಮರಿ ಮಾಡಲಾಗದ, ತನ್ನ ಮರಿಗೆ ತಾನೇ ಗುಟುಕು ಕೊಡಲಾರದ ಜೋಡಿಯ ಸಂತಾನಕ್ಕೆ ರಿಬ್ಬನ್ ಕಟ್ಟಬೇಡಿ. ಇಷ್ಟು ಮಾಡಿದರೆ ನಮ್ಮ ಸ್ನೇಹಿತರೂ ಮುಂದಿನ ಸೀಸನ್ನಿಗೆ ಯೆಲ್ಲೋ ಗರಿಯ ಹಕ್ಕಿ ಹುಡುಕಿಕೊಂಡು ಹೊರಡ್ತಾರೆ, ನನಗೆ ಅನುಮಾನವೇ ಇಲ್ಲ. ಅವರಿಗೆ ಗೆಲ್ಲಬೇಕು, ಅಷ್ಟೆ.

ಹೋದ ವಾರ ಮತ್ತೆ ಫೋನ್ ಮಾಡಿದ್ದರು. "ನಿಮ್ಮ ಹಸಿರು ಹೆಣ್ಣು ಖಾಲಿ ಇದೆಯಾ ಮಾರಾಯ್ರೇ? ನಾಲ್ಕು ಮೊಟ್ಟೆ ಇತ್ತು..." ಯಾವ ಜೋಡಿಯದು ಅಂತ ಕೇಳಿದೆ. ಹೇಳಿದರು. ಈ ಸಲ ಅವಳು ತನ್ನ ಮೊಟ್ಟೆಯ ಮೇಲೇ ಕೂತಿದ್ದಾಳೆ, ಆಗುವುದಿಲ್ಲ ಅಂದೆ.